ಮಗುಚದ ಚೆಂಡು

ನನ್ನ ನಾದಿನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಚೆಂಡಿನ ಕಾರ್ಖಾನೆಯಲ್ಲಿ ಅದು ಯಾರಿಗೂ ಗೊತ್ತಿಲ್ಲ. ಅಲ್ಲಿ ಅವಳು ದಬ್ಬಣ. ಗೋಣಿಚೀಲ ಹೊಲಿಯುವ ದಪ್ಪ ಸೂಜಿ ಇರುತ್ತದಲ್ಲ, ಅದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಹಳೆಯ ಮೇಸ್ತ್ರಿಗೆ, ಅವರು ತಂದ ದಾರಕ್ಕೆ ಮೇಣ ಸಾಲದು ಎಂದು ಹೇಳಿದಳು. "ಇವಳೇನು ಸೂಜಿಯಾ, ದಬ್ಬಣ" ಎಂದರು ಅವರು. ಮಧ್ಯಾಹ್ನದ ಹೊತ್ತಿಗೆ ದಾರಕ್ಕೆ ಇನ್ನೊಂದು ಸಲ ಮೇಣ ಹಚ್ಚಿಸಿದರು. ಹೆಸರು ಮಾತ್ರ ಹಾಗೇ ಉಳಿಯಿತು.

ಅವಳು ನಮ್ಮ ಮನೆಗೆ ವಾಪಸು ಬಂದದ್ದು ತನ್ನ ಮದುವೆಯಾದ ಹದಿನಾಲ್ಕು ತಿಂಗಳಿಗೆ, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು. ಆಗ ಅವಳಿಗೆ ಇಪ್ಪತ್ತು, ನನಗೆ ಇಪ್ಪತ್ತೆರಡು. ಗಂಡನ ಮನೆಯಲ್ಲಿ ಗೋಡೆ ಗಡಿಯಾರದ ಗಾಜು ಒಡೆದಿತ್ತು. ಒಡೆದವಳು ಇವಳಲ್ಲ. "ತಪ್ಪಾಯಿತು ಅಂದುಬಿಡು, ಮುಗಿದುಹೋಗುತ್ತೆ" ಎಂದು ಗಂಡ ಹೇಳಿದನಂತೆ. ಇವಳು ಅನ್ನಲಿಲ್ಲ. ಅವರು ಮೂರು ದಿನ ಕಾದರು, ನಾಲ್ಕನೆಯ ದಿನ ಕಳಿಸಿಬಿಟ್ಟರು. ನನ್ನ ಯಜಮಾನರು, ಅಂದರೆ ಅವಳ ಅಣ್ಣ, "ಒಂದು ಮಾತು ಅಂದಿದ್ದರೆ ನಿಂದೇನು ಹೋಗ್ತಿತ್ತು?" ಎಂದು ಕೇಳಿದರು.

"ಆ ಒಂದು ಮಾತು ಹೋಗ್ತಿತ್ತು" ಎಂದಳು.

ಆಮೇಲೆ ನಮ್ಮ ಮನೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಯಿತು. ಈಗ ಮನೆಯಲ್ಲಿ ಇರುವವರು ನಾವಿಬ್ಬರೇ.

ಕಾರ್ಖಾನೆಗೆ ಇಬ್ಬರೂ ಒಂದೇ ದಿನ ಸೇರಿದೆವು. ನಲವತ್ತೊಂದು ವರ್ಷದಿಂದ ಪಕ್ಕಪಕ್ಕದಲ್ಲಿ ಕೂತಿದ್ದೇವೆ. ಅದೊಂದು ಉದ್ದನೆಯ ಕೋಣೆ, ಒಂದೇ ಕಡೆ ಕಿಟಕಿ, ಎರಡು ಸಾಲಿನಲ್ಲಿ ಇಪ್ಪತ್ತಾರು ಗಿಡ್ಡ ಮಣೆ. ಮಣೆಯ ಮೇಲೆ ಕೂತು, ಮೊಣಕಾಲಿನ ನಡುವೆ ಮರದ ಇಕ್ಕಳ ಸಿಕ್ಕಿಸಿಕೊಂಡು, ಎರಡು ತುಂಡು ಚರ್ಮವನ್ನು ಅದರ ಬಾಯಿಗೆ ಕೊಟ್ಟು, ಎರಡು ಸೂಜಿಯಲ್ಲಿ ಎರಡೂ ಕಡೆಯಿಂದ ಹೊಲಿಯುವುದು. ಒಂದು ಫುಟ್‌ಬಾಲಿಗೆ ಮೂವತ್ತೆರಡು ತುಂಡು, ಆರುನೂರ ಚಿಲ್ಲರೆ ಹೊಲಿಗೆ.

ಇಲ್ಲಿ ಒಂದು ವಿಷಯ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಚೆಂಡನ್ನು ನಾವು ಒಳಮೈ ಹೊರಗಿಟ್ಟುಕೊಂಡು ಹೊಲಿಯುತ್ತೇವೆ. ಬಣ್ಣದ ಮುಖ ಒಳಗೆ, ಗಂಟು, ಅಂಚು, ಒರಟು ಎಲ್ಲ ಹೊರಗೆ. ಕೊನೆಯ ಹೊಲಿಗೆಗೆ ಮುಂಚೆ ಒಂದು ಬಾಯಿ ಉಳಿಸಿಕೊಂಡು, ಆ ಬಾಯಿಯ ಮೂಲಕ ಇಡೀ ಚೆಂಡನ್ನು ಒಳಗಿನದು ಹೊರಗೆ ಬರುವಂತೆ ಎಳೆಯುತ್ತೇವೆ. ಅದಕ್ಕೆ ಮಗುಚುವುದು ಎನ್ನುತ್ತೇವೆ. ಮಗುಚಿದ ಮೇಲೆ ಬಾಯಿ ಮುಚ್ಚುತ್ತೇವೆ. ಆಗ ಗಂಟುಗಳೆಲ್ಲ ಒಳಗೆ ಅಡಗಿ, ಬಣ್ಣ ಹೊರಗೆ ಬಂದು, ಅದು ಚೆಂಡು ಎನಿಸಿಕೊಳ್ಳುತ್ತದೆ. ಮಗುಚದ್ದನ್ನು ಯಾರೂ ಚೆಂಡು ಎನ್ನುವುದಿಲ್ಲ.

ಇನ್ನೊಂದು, ಮೊಳೆಯ ವಿಷಯ. ಪ್ರತಿಯೊಬ್ಬರ ಮಣೆಯ ಹಿಂದೆ ಗೋಡೆಗೆ ಒಂದು ಮೊಳೆ ಇದೆ. ಹೊಲಿಗೆ ಕೆಟ್ಟು ವಾಪಸು ಬಂದ ಚೆಂಡನ್ನು, ಗಾಳಿ ತೆಗೆದು, ಹೊಲಿದವರ ಮೊಳೆಗೇ ನೇತುಹಾಕುತ್ತಾರೆ. ಅದು ಅಲ್ಲಿ ಆರು ತಿಂಗಳು ಜೋಲು ಬಿದ್ದುಕೊಂಡು ಇರುತ್ತದೆ, ಬಂದವರು ಹೋದವರು ನೋಡುತ್ತಾರೆ. ಮೂರು ನೇತುಬಿದ್ದರೆ ಮಣೆ ಬಿಡಬೇಕು, ಕೆಲಸ ಹೋದ ಹಾಗೆ. ದಬ್ಬಣನ ಮೊಳೆ ನಲವತ್ತು ವರ್ಷ ಖಾಲಿ ಇತ್ತು. ಅವಳು ಅದಕ್ಕೆ ತನ್ನ ಊಟದ ಚೀಲ ಸಿಕ್ಕಿಸುತ್ತಿದ್ದಳು. ಹೋದ ವರ್ಷ ಅವಳ ಕಣ್ಣಿಗೆ ಪೊರೆ ಬರುವುದಕ್ಕೆ ಶುರುವಾಯಿತು. ಎರಡು ತಿಂಗಳಲ್ಲಿ ಎರಡು ಚೆಂಡು ವಾಪಸು ಬಂದವು. ಊಟದ ಚೀಲ ನೆಲಕ್ಕೆ ಇಳಿಯಿತು.

ಆ ಹೊತ್ತಿಗೇ ಆಕಾಶದ ಕೆಲಸ ಬಂತು.

ನಮ್ಮ ಊರಿನಲ್ಲಿ ಮಕ್ಕಳಿಗೆ ವಿಜ್ಞಾನ ತೋರಿಸುವ ಒಂದು ಭವನವಿದೆ. ಅದನ್ನು ನೋಡಿಕೊಳ್ಳುವ ಸಾಹೇಬರು ತಾವೇ ಒಂದು ಬಟ್ಟೆಯ ಸುರುಳಿ ಹೊತ್ತುಕೊಂಡು ಕಾರ್ಖಾನೆಗೆ ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿಯ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಬಟ್ಟೆಯ ಮೇಲೆ ಹನ್ನೆರಡು ಎಲೆಯಾಕಾರದ ತುಂಡುಗಳನ್ನು ಅಚ್ಚು ಹಾಕಿಸಿದ್ದರು. ಒಂದೊಂದೂ ಹನ್ನೆರಡೂವರೆ ಅಡಿ ಉದ್ದ, ನಡುವಿನಲ್ಲಿ ಎರಡಡಿ ಒಂದಂಗುಲ ಅಗಲ, ಎರಡೂ ತುದಿ ಚೂಪು. ಒಂದರಿಂದ ಹನ್ನೆರಡರವರೆಗೆ ಅಂಕಿ ಹಾಕಿತ್ತು. ಸೇರಿಸಿ ಹೊಲಿದರೆ ಎಂಟಡಿಯ ಚೆಂಡು. ಮೈತುಂಬ ಕೆಂಪು, ನೀಲಿ, ಹಳದಿಯ ಚುಕ್ಕೆ ಮಚ್ಚೆ. ಇಷ್ಟು ದೊಡ್ಡದನ್ನು ಕೈಯಲ್ಲಿ ಹೊಲಿಯುವವರು ಬೇರೆ ಸಿಕ್ಕಲಿಲ್ಲವಂತೆ. ಜೊತೆಗೆ ನೋಡಿಕೊಳ್ಳುವುದಕ್ಕೆ ಎರಡು ಹಾಳೆ ಕೊಟ್ಟರು. ಹಾಳೆಯಲ್ಲಿ ಅದೇ ಚಿತ್ರ ಇಡಿಯಾಗಿ, ಮೊಟ್ಟೆಯನ್ನು ಅಡ್ಡ ಮಲಗಿಸಿದ ಹಾಗೆ ಇತ್ತು.

ಮೇಸ್ತ್ರಿ ಕೆಲಸವನ್ನು ದಬ್ಬಣನಿಗೂ ನನಗೂ ಕೊಟ್ಟರು. ಇವರು ಹಳೆಯ ಮೇಸ್ತ್ರಿಯ ಮಗ, ನಮ್ಮ ಕಣ್ಣೆದುರಿಗೇ ದೊಡ್ಡವರಾದವರು. ನನ್ನನ್ನು ಪಕ್ಕಕ್ಕೆ ಕರೆದು, "ಸಣ್ಣ ಹೊಲಿಗೆ ಅವರ ಕಣ್ಣಿಗೆ ಕಾಣ್ತಿಲ್ಲ. ಇದು ದೊಡ್ಡ ಹೊಲಿಗೆ. ಇದೊಂದು ಚೆನ್ನಾಗಿ ಹೋದ್ರೆ ಮಣೆ ಉಳಿಯುತ್ತೆ. ಕೆಟ್ರೆ ಮೂರನೇದು, ನನ್ನ ಕೈಲಿ ಏನೂ ಇಲ್ಲ" ಎಂದರು.

ನಾನು ಅದನ್ನು ದಬ್ಬಣನಿಗೆ ಹೇಳಿದೆ. ಅವಳು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದಳು. "ಇದು ಏನು ಅಂತ ಗೊತ್ತಾಗದೆ ನಾನು ಸೂಜಿ ಹಾಕಲ್ಲ" ಎಂದಳು.

ಸಾಹೇಬರು ಇನ್ನೂ ಬಾಗಿಲಲ್ಲೇ ಇದ್ದರು. ವಾಪಸು ಬಂದು ಒಂದು ಖಾಲಿ ಮಣೆಯ ಮೇಲೆ ಕೂತರು. ಹೇಳುವುದರಲ್ಲಿ ಅವರಿಗೆ ಖುಷಿ ಇತ್ತು.

"ಇದು ಆಕಾಶ ಅಮ್ಮ. ಆದರೆ ನಕ್ಷತ್ರದ್ದಲ್ಲ. ಎಲ್ಲಕ್ಕಿಂತ ಹಳೇ ಬೆಳಕಿನ ನಕ್ಷೆ. ಮೊದಮೊದಲು ಎಲ್ಲ ಕಡೆ ಕುದಿಯೋ ಮಂಜಿನ ಹಾಗಿತ್ತು, ಬೆಳಕು ಒಂದಡಿ ಮುಂದೆ ಹೋಗಕ್ಕೂ ದಾರಿ ಇರ್ಲಿಲ್ಲ. ತಣ್ಣಗಾಗ್ತಾ ಆಗ್ತಾ ಮಂಜು ತಿಳಿಯಾಯ್ತು. ಆಗ ಹೊರಟ ಬೆಳಕು ಇನ್ನೂ ಬರ್ತಾ ಇದೆ. ಹತ್ತಿರ ಹತ್ತಿರ ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ಆಯ್ತು."

"ಯಾವ ದಿಕ್ಕಿಂದ ಬರುತ್ತೆ?"

"ಎಲ್ಲ ದಿಕ್ಕಿಂದಲೂ. ಮೇಲಿಂದ, ಕೆಳಗಿಂದ, ಹಿಂದಿಂದ, ಮುಂದಿಂದ. ಕಣ್ಣಿಗೆ ಕಾಣಲ್ಲ. ಭೂಮಿ ಬಿಟ್ಟು ದೂರ ಹೋದ ಒಂದು ಯಂತ್ರ ಗಿರಗಿರ ಸುತ್ತುತ್ತಾ, ಒಂದೊಂದು ದಿಕ್ಕಿಗೂ ಮುಖ ಮಾಡಿ ಎಷ್ಟು ಬಿಸಿ ಅಂತ ಅಳೆದಿದೆ. ಬಿಸಿ ಅಂದ್ರೆ ಬಿಸಿ ಅಲ್ಲ. ಅದಕ್ಕಿಂತ ಚಳಿ ಇರಕ್ಕೇ ಸಾಧ್ಯ ಇಲ್ಲ ಅನ್ನೋ ಮಟ್ಟದಿಂದ ಎರಡು ಮುಕ್ಕಾಲು ಡಿಗ್ರಿ ಮೇಲೆ, ಅದಕ್ಕೂ ಒಂದು ಚೂರು ಕಡಿಮೆ."

"ಹಾಗಾದ್ರೆ ಈ ಬಣ್ಣ?"

"ಬಣ್ಣ ನಾವು ಹಾಕಿದ್ದು. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬಿಸಿ. ಲಕ್ಷದಲ್ಲಿ ಒಂದು ಪಾಲು ಹೆಚ್ಚಿದ್ರೆ ಕೆಂಪು, ಅಷ್ಟೇ ಕಡಿಮೆ ಇದ್ರೆ ನೀಲಿ."

ದಬ್ಬಣ ನನ್ನ ಕಡೆ ತಿರುಗಿ, "ಅತ್ತಿಗೆ, ನಮ್ಮ ಸೀಮೆಸುಣ್ಣ" ಎಂದಳು. ನನಗೂ ಅದೇ ಹೊಳೆದಿತ್ತು. ಕತ್ತರಿಸುವ ಕೋಣೆಯಲ್ಲಿ ಪ್ರತಿ ತುಂಡನ್ನೂ ತೂಗಿ, ಕೂದಲಷ್ಟು ಭಾರ ಇದ್ದರೆ ಹಿಂಬದಿಗೆ ಕೆಂಪು ಸೀಮೆಸುಣ್ಣದಲ್ಲಿ ಗೀಟು, ಕೂದಲಷ್ಟು ಹಗುರ ಇದ್ದರೆ ನೀಲಿ ಗೀಟು ಹಾಕುತ್ತಾರೆ. ಭಾರದ್ದೆಲ್ಲ ಒಂದೇ ಕಡೆ ಸೇರಿದರೆ ಚೆಂಡು ಓಲಾಡುತ್ತದೆ. ಚರ್ಮ ಕೆಂಪಲ್ಲ, ನೀಲಿಯಲ್ಲ. ಅದು ತೂಕದ ಗುರುತು. ಹೀಗೆಂದು ಅವಳು ಸಾಹೇಬರಿಗೆ ವಿವರಿಸಿದಳು. ಸಾಹೇಬರು ಜೇಬಿನಿಂದ ಒಂದು ಪೆನ್ನು ತೆಗೆದು ಅಂಗೈ ಮೇಲೆ ಏನೋ ಗೀಚಿಕೊಂಡರು.

"ನಡುವೆ ಅಡ್ಡಡ್ಡಕ್ಕೆ ನಮ್ಮ ನಕ್ಷತ್ರಗಳ ಗುಂಪಿನದೇ ಧೂಳು, ಬೆಳಕು ಎಲ್ಲ ಇತ್ತು" ಎಂದರು. "ಲೆಕ್ಕ ಹಾಕಿ ಅದನ್ನ ಒರೆಸಿದ್ದಾರೆ, ಹಿಂದಿರೋದು ಕಾಣಲಿ ಅಂತ."

"ಈ ಚೆಂಡಿನಾಚೆ ಏನಿದೆ?"

"ಅದು ಗೋಡೆ ಅಲ್ಲ ಅಮ್ಮ. ನಮಗೆ ಕಾಣೋದು ಅಲ್ಲೀವರೆಗೆ, ಅಷ್ಟೆ. ಬೇರೆಲ್ಲೋ ಇನ್ನೊಬ್ಬರಿದ್ರೆ ಅವರ ಸುತ್ತ ಅವರದೇ ಒಂದು ಚೆಂಡು ಇರುತ್ತೆ."

ಅವರು ಹೋದ ಮೇಲೆ ದಬ್ಬಣ ಎರಡು ದಿನ ಹೊಲಿಗೆಗೆ ಕೈ ಹಾಕಲಿಲ್ಲ. ಮೇಸ್ತ್ರಿ ಎರಡು ಸಲ ಬಂದು ನಿಂತು ಹೋದರು. ಅವಳಿಗೆ ಹಾಳೆಯ ಮೇಲೆ ನಂಬಿಕೆ ಇರಲಿಲ್ಲ. ಚೆಂಡನ್ನು ಚಪ್ಪಟೆ ಮಾಡುವುದು ಎಂದರೆ ಏನು ಎಂದು ನಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಎಲ್ಲೋ ಹರಿಯಬೇಕು, ಇಲ್ಲವೇ ಎಲ್ಲೋ ಎಳೆಯಬೇಕು. ಹಾಳೆಯ ನಡುವಿನಲ್ಲಿ ಮಚ್ಚೆಗಳು ನೆಟ್ಟಗಿದ್ದವು. ಅಂಚಿಗೆ ಹೋದ ಹಾಗೆ ಬಾಗಿ, ಒತ್ತಿ, ಓರೆಯಾಗಿದ್ದವು.

"ಅಂಚಿನವರಿಗೆ ಜಾಗ ಕಡಿಮೆ ಕೊಟ್ಟಿದ್ದಾರೆ" ಎಂದಳು.

"ಕೊಟ್ಟರೆ ಕೊಡಲಿ, ನಾವು ಹೊಲಿಯೋದು ಎಲೆ, ಹಾಳೆಯಲ್ಲ" ಎಂದೆ.

"ಹಾಳೆ ಸುಳ್ಳಾದ್ರೆ ಎಲೆ ಸರೀನಾ ಅಂತ ಹೇಗೆ ನೋಡ್ತೀಯ?"

ಒಂದು ಹಾಳೆಯ ಮೊಟ್ಟೆಯನ್ನು ಅಂಚಿನುದ್ದಕ್ಕೂ ಕತ್ತರಿಸಿಕೊಂಡಳು. ಅದರ ಉದ್ದ ಅಗಲದ ಸರಿಯಾಗಿ ಎರಡರಷ್ಟಿತ್ತು. ನಟ್ಟನಡುವೆ, ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ತಾಗುವ ಹಾಗೆ ಒಂದು ದುಂಡನೆಯ ವೃತ್ತ ಎಳೆದು, ಅದನ್ನೂ ಕತ್ತರಿಸಿ ತೆಗೆದಳು. ವೃತ್ತ ಎಂದರೆ ನೋಡುವವರ ಮುಂದಿನ ಅರ್ಧ ಆಕಾಶ. ಅಕ್ಕಪಕ್ಕ ಉಳಿದ ಎರಡು ಕುಡುಗೋಲಿನಂಥ ತುಂಡು ಹಿಂದಿನ ಅರ್ಧ. ಕತ್ತರಿಸುವ ಕೋಣೆಗೆ ಹೋಗಿ ತಕ್ಕಡಿಯ ಒಂದು ತಟ್ಟೆಗೆ ವೃತ್ತ ಹಾಕಿದಳು, ಇನ್ನೊಂದಕ್ಕೆ ಎರಡು ಕುಡುಗೋಲು. ಮುಳ್ಳು ಸ್ವಲ್ಪ ಹೊತ್ತು ಆಡಿ ನಡುವಿಗೆ ಬಂದು ನಿಂತಿತು.

"ಆಕಾರದಲ್ಲಿ ಮೋಸ ಮಾಡಿದ್ದಾರೆ, ಅಳತೇಲಿ ಮಾಡಿಲ್ಲ" ಎಂದಳು. "ಯಾವ ತುಂಡಿಗೆ ಎಷ್ಟು ಆಕಾಶ ಸಲ್ಲಬೇಕೋ ಅಷ್ಟು ಸಂದಿದೆ. ಮನುಷ್ಯರು ಪರವಾಗಿಲ್ಲ."

ಮರುದಿನ ಹೊಲಿಗೆ ಶುರು ಮಾಡಿದೆವು. ಒಂದನೇ ಎಲೆಗೆ ಎರಡನೆಯದು, ಎರಡಕ್ಕೆ ಮೂರು, ಮುಖಕ್ಕೆ ಮುಖ ಕೊಟ್ಟು, ಅಂಚು ಹೊರಗೆ. ನಮ್ಮ ಇಕ್ಕಳಕ್ಕೆ ಸಿಕ್ಕುವಂಥದ್ದಲ್ಲ, ನೆಲದ ಮೇಲೆ ಹರಡಿಕೊಂಡು, ಮಂಡಿಯೂರಿ ಹೊಲಿದೆವು. ಎದುರು ಸಾಲಿನವಳು, "ಏನಕ್ಕಾ, ಡೇರೆ ಕಟ್ತಾ ಇದ್ದೀರಾ?" ಎಂದು ಕೇಳಿದರೆ, ದಬ್ಬಣ, "ಹೌದು, ನಿನಗೂ ಸೇರಿಸಿ" ಎನ್ನುತ್ತಿದ್ದಳು. ಒಂದೊಂದು ಹೊಲಿಗೆ ಮುಗಿದಾಗಲೂ ಉಳಿದ ಹಾಳೆಯನ್ನು ಪಕ್ಕದಲ್ಲಿಟ್ಟು ಮಚ್ಚೆಗೆ ಮಚ್ಚೆ ಕೂಡಿತೇ ಎಂದು ನೋಡುವಳು. ಹಾಳೆಯ ಬಲಗಡೆ, ಕೆಳಗೆ, ಒಂದು ನೀಲಿ ಮಚ್ಚೆ ಉಳಿದವುಗಳಿಗಿಂತ ಕಡುವಾಗಿತ್ತು. ಅವಳ ಕಣ್ಣಿಗೂ ಅದು ಚೆನ್ನಾಗಿ ಕಾಣುತ್ತಿತ್ತು. ಅದನ್ನೇ ಗುರುತಿಟ್ಟುಕೊಂಡಳು. ಹದಿನೆಂಟು ದಿನಕ್ಕೆ ಹನ್ನೊಂದು ಹೊಲಿಗೆ ಮುಗಿದವು. ಒಂದನೇ ಎಲೆಗೂ ಹನ್ನೆರಡನೇ ಎಲೆಗೂ ನಡುವಿನದು ಮಾತ್ರ ಉಳಿಯಿತು, ಬಾಯಿ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವಳು ಕಣ್ಣಿನ ಆಸ್ಪತ್ರೆಗೆ ಹೋಗಿದ್ದಳು. ಮೇಸ್ತ್ರಿ ಬಂದು, "ಮಗುಚಿಬಿಡೋಣ, ನಾಳೆ ಸಾಹೇಬ್ರು ಬರ್ತಾರೆ" ಎಂದರು. ನಾನು ಎದ್ದು ಬಾಯಿಯ ಒಂದು ಕಡೆ ಹಿಡಿದೆ, ಅವರು ಇನ್ನೊಂದು ಕಡೆ, ಎದುರು ಸಾಲಿನವರು ಇಬ್ಬರು ಒಳಗಿನದನ್ನು ಎಳೆದರು. ಯೋಚನೆ ಮಾಡಲಿಲ್ಲ. ನಲವತ್ತು ವರ್ಷ ಮಗುಚಿದ ಕೈ ನನ್ನನ್ನು ಕೇಳಿ ಮಾಡುವುದಿಲ್ಲ. ಗಂಟೆಲ್ಲ ಒಳಗೆ ಹೋಯಿತು, ಬಣ್ಣ ಹೊರಗೆ ಬಂತು. ಕಂಬಕ್ಕೂ ತೊಲೆಗೂ ಹಗ್ಗ ಕಟ್ಟಿ ಮೇಲಕ್ಕೆತ್ತಿದೆವು. ನೋಡುವುದಕ್ಕೆ ಚೆನ್ನಾಗಿತ್ತು. ಮೇಸ್ತ್ರಿಗೆ ನಗು ಬಂತು.

ಹನ್ನೊಂದು ಗಂಟೆಗೆ ದಬ್ಬಣ ಬಂದಳು. ಹಾಳೆ ತೆಗೆದುಕೊಂಡು, ಬಾಯಿ ಸರಿಸಿ ಒಳಗೆ ಹೋದಳು. ಗಂಟುಗಳನ್ನು ನೋಡುತ್ತಿದ್ದಾಳೆ ಎಂದುಕೊಂಡೆ.

"ಅತ್ತಿಗೆ," ಒಳಗಿನಿಂದ ಕೇಳಿದಳು, "ಯಾರು ಮಗುಚಿದ್ದು?"

"ನಾನೇ, ಇನ್ಯಾರು?"

"ಒಳಗೆ ಬಾ."

ಹೋದೆ. ಕಿಟಕಿಯ ಬೆಳಕು ಬಟ್ಟೆಯನ್ನು ಹಾಯ್ದು ಬರುತ್ತಿತ್ತು, ಬಣ್ಣಗಳು ಹಿಂಬದಿಯಿಂದ ಮಸುಕಾಗಿ ಕಾಣುತ್ತಿದ್ದವು. ಅವಳು ಬಾಯಿಗೆ ಬೆನ್ನು ಮಾಡಿ ಕೂತಿದ್ದಳು. "ಹಾಳೆಯ ನಡುವಿರೋದಕ್ಕೆ ಮುಖ ಮಾಡಿ ಕೂತಿದ್ದೀನಿ. ನೀಲಿ ಮಚ್ಚೆ ಎಲ್ಲಿದೆ ನೋಡು" ಎಂದಳು. ನೋಡಿದೆ. ಅದು ಅವಳ ಎಡಭುಜದ ಹಿಂದೆ, ಕೆಳಗಿತ್ತು. ಹಾಳೆಯಲ್ಲಿ ಬಲಕ್ಕೆ.

"ಮಗುಚೋಕೆ ಮುಂಚೆ ಬಲಕ್ಕೇ ಇತ್ತು" ಎಂದಳು. "ನಿನ್ನೆ ಒಳಗೆ ಬಂದು ನೋಡಿದ್ದೀನಿ. ಹಾಳೇಲಿ ಹೇಗಿದೆಯೋ ಹಾಗೇ ಇತ್ತು. ಈ ಹಾಳೆ ಒಳಗೆ ನಿಂತವರು ಬರೆದದ್ದು ಅತ್ತಿಗೆ. ಹೊರಗೆ ನಿಂತವರಲ್ಲ. ನಾವು ಆಕಾಶದ ಹೊಟ್ಟೆಯೊಳಗಿದ್ದೀವಿ."

ಚೆಂಡಿನ ಮುಖ ಯಾವಾಗಲೂ ಹೊರಗೆ ಎಂದು ನನ್ನ ಕೈಗೆ ಅಭ್ಯಾಸವಾಗಿತ್ತು. ಈ ಚೆಂಡಿನ ಮುಖ ಒಳಗೆ. ನನ್ನ ತಪ್ಪು ನನಗೆ ಆಗ ತಿಳಿಯಿತು. ಇಬ್ಬರೂ ಹೊರಗೆ ಬಂದೆವು. ಅವಳು ಹಗ್ಗ ಬಿಚ್ಚಿದಳು, ನಾನು ಬಾಯಿ ಹಿಡಿದೆ, ಇಬ್ಬರೇ ಸೇರಿ ಅದನ್ನು ಮತ್ತೆ ಮೊದಲಿನಂತೆ ಮಾಡಿ ಕಟ್ಟಿದೆವು. ಒಂದು ಗಂಟೆಯ ಮೇಲೆ ಹಿಡಿಯಿತು. ಯಾರೂ ಸಹಾಯಕ್ಕೆ ಏಳಲಿಲ್ಲ, ಯಾರೂ ಬೇಡ ಎಂದೂ ಹೇಳಲಿಲ್ಲ.

ಮೇಸ್ತ್ರಿ ಊಟದಿಂದ ಬಂದು ನೋಡಿದರು. ಎಂಟಡಿಯ ಚೆಂಡು ಗಂಟು, ಅಂಚು, ದಾರದ ತುದಿ ಎಲ್ಲವನ್ನೂ ಹೊರಗೆ ಬಿಟ್ಟುಕೊಂಡು ನೇತಾಡುತ್ತಿತ್ತು.

"ಇದೇನು?"

"ಆಕಾಶ" ಎಂದಳು ದಬ್ಬಣ.

"ತಮಾಷೆ ಬೇಡ ಅಕ್ಕ. ಮಗುಚಿ ಬಾಯಿ ಮುಚ್ಚಿ."

"ಮಗುಚಲ್ಲ. ಬಾಯೀನೂ ಪೂರ್ತಿ ಮುಚ್ಚಲ್ಲ. ಮುಚ್ಚಿದ್ರೆ ಜನ ಒಳಗೆ ಹೋಗೋದು ಹೇಗೆ?"

"ಒಳಗೆ ಹೋಗಕ್ಕೆ ಯಾರು ಹೇಳಿದ್ರು? ಭವನದವರು ಒಳಗೆ ದೀಪ ಹಾಕಿ ಬಾಗಿಲಲ್ಲಿ ತೂಗುಹಾಕ್ತಾರೆ. ಇದು ವಾಪಸು ಬಂತು ಅಂದ್ರೆ ಮೂರನೇದು. ನನ್ನ ಕೈಲಿ ಏನೂ ಇಲ್ಲ, ಮೊದಲೇ ಹೇಳಿದ್ದೀನಿ."

"ಎಂಟಡಿ ಚೆಂಡನ್ನ ಯಾವ ಮೊಳೆಗೆ ಹಾಕ್ತೀಯಪ್ಪ?" ಎಂದಳು. ಮೇಸ್ತ್ರಿ ಚಡ್ಡಿ ಹಾಕಿಕೊಂಡು ಚೆಂಡಿಗೆ ಗಾಳಿ ತುಂಬುತ್ತಿದ್ದ ಕಾಲದಲ್ಲಿ ಮಾತಾಡಿಸುತ್ತಿದ್ದ ಹಾಗೆಯೇ. ಎರಡು ಸಾಲಿನಲ್ಲೂ ನಗು ಹರಿದಾಡಿತು. ಮೇಸ್ತ್ರಿ ನಗಲಿಲ್ಲ. ಹೋಗಿ ಭವನಕ್ಕೆ ಫೋನ್ ಮಾಡಿದರು.

ನನಗೆ ಭಯವಾಗಿತ್ತು. ಮಣೆ ಹೋದರೆ ಅವಳು ಮನೆಯಲ್ಲಿ ಕೂರುವವಳಲ್ಲ, ಬೇರೆಲ್ಲೂ ಈ ಕಣ್ಣಿಗೆ ಕೆಲಸವಿಲ್ಲ. "ಹೇಳಿದ ಹಾಗೆ ಮಾಡಿ ಕೊಟ್ಟುಬಿಡೋಣ ಕಣೇ. ನೋಡುವವರು ಮಕ್ಕಳು, ಯಾರಿಗೆ ಗೊತ್ತಾಗುತ್ತೆ?" ಎಂದು ಮೆಲ್ಲಗೆ ಹೇಳಿದೆ.

"ನನಗೆ ಗೊತ್ತಾಗಿದೆಯಲ್ಲ" ಎಂದಳು. ಅವಳ ಅಣ್ಣನಿಗೆ ಅಂದು ಉತ್ತರ ಕೊಟ್ಟ ಅದೇ ದನಿ.

ಸಾಹೇಬರು ಆ ದಿನವೇ ಮೂರು ಗಂಟೆಗೆ ಬಂದರು. ಚೆಂಡನ್ನು ಒಂದು ಸುತ್ತು ಹಾಕಿದರು. ಮುಖ ಸಣ್ಣದಾಯಿತು. "ಸೋಮವಾರ ಶಾಲೆ ಮಕ್ಕಳು ಬರ್ತಾರೆ. ಗಂಟು ತೋರಿಸ್ಲಾ ಅವರಿಗೆ?"

"ಗಂಟು ಹೊರಗಿರೋರಿಗೆ. ಮಕ್ಕಳು ಒಳಗಿರ್ತಾರೆ" ಎಂದಳು ದಬ್ಬಣ.

"ಭೂಮಿಯ ಗೋಳ ನೋಡಿಲ್ವಾ ನೀವು? ಹೊರಗೇ ತಾನೇ ಬರೆದಿರೋದು?"

"ಭೂಮಿ ಮೇಲೆ ನಿಂತಿದ್ದೀವಿ. ಅದಕ್ಕೇ ಹೊರಗೆ."

"ನೋಡಿ ಅಮ್ಮ, ಈ ನಕ್ಷೆಯ ವಿಷಯ ನಾನು ಇಪ್ಪತ್ತು ವರ್ಷದಿಂದ ಹೇಳ್ತಾ ಬಂದಿದ್ದೀನಿ."

"ಹೇಳಿದ್ದೀರಿ, ಚೆನ್ನಾಗೇ ಹೇಳ್ತೀರಿ. ಒಳಗೆ ಕೂತು ನೋಡಿಲ್ಲ." ಅವಳು ಹಾಳೆಯನ್ನು ಅವರ ಕೈಗೆ ಕೊಟ್ಟು ಬಾಯಿ ಅಗಲಿಸಿ ಹಿಡಿದಳು. "ಐದು ನಿಮಿಷ. ಆಮೇಲೂ ಮಗುಚು ಅಂದ್ರೆ ಬೇರೆಯವರ ಕೈಲಿ ಮಗುಚಿಸ್ಕೊಳ್ಳಿ. ನಾನು ಮಾಡಲ್ಲ."

ಅವರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನೆಲ ನೋಡಿದರು. ಸಾಹೇಬರು ಇಸ್ತ್ರಿಯ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಗ್ಗಿ ಒಳಗೆ ಹೋದರು. ನಾನು ಒಂದು ಮಣೆ ತಳ್ಳಿದೆ. ದಬ್ಬಣ ಹೊರಗೆ ನಿಂತು ಕೇಳತೊಡಗಿದಳು, ಒಂದೊಂದಾಗಿ, ಸೂಜಿ ಹಾಕುವ ಹಾಗೆ.

"ಬಾಯಿಗೆ ಬೆನ್ನು ಮಾಡಿ ಕೂತ್ರಾ? ಹಾಳೆಯ ನಡುವಿರೋದು ಎಲ್ಲಿದೆ?"

"ಎದುರಿಗೆ."

"ಬಲಗಡೆ ಕೆಳಗೆ ಒಂದು ಕಡು ನೀಲಿ ಮಚ್ಚೆ ಇದೆಯಲ್ಲ?"

ಬಟ್ಟೆ ಅಲುಗಿತು. "ಇದೆ. ಬಲಭುಜದ ಹಿಂದೆ. ಕೆಳಗೆ."

"ಹಾಳೆಯ ಮೇಲಿನ ಅಂಚು?"

"ನೆತ್ತಿಯ ಮೇಲೆ ಬಂದು ಸೇರುತ್ತೆ. ಒಂದು ಚುಕ್ಕೆ ಆಗುತ್ತೆ."

"ಹಾಳೆಯ ಬಲ ತುದಿ?"

"ಬೆನ್ನ ಹಿಂದೆ."

"ಎಡ ತುದಿ?"

ಒಳಗೆ ಮಣೆ ಸರಿದ ಸದ್ದಾಯಿತು. ಎರಡೂ ಸಾಲಿನ ಸೂಜಿಗಳು ನಿಂತಿದ್ದವು.

"ಅದೂ ಬೆನ್ನ ಹಿಂದೆ" ಎಂದರು ಸಾಹೇಬರು. "ಎರಡೂ ಒಂದೇ ಗೆರೆ."

"ನೀವು ಒಳಗೆ ಹೋದ ಬಾಯಿ ಅದು. ನಾವು ಯಾವ ಚೆಂಡಿನಲ್ಲೂ ಕೊನೆಗೆ ಹೊಲಿಯೋದು ಅದನ್ನೇ. ನಿಮ್ಮ ಮೊಟ್ಟೆ ಅಂದ್ರೆ ಬಾಯಿ ಬಿಚ್ಚಿ ಹಾಸಿದ ಚೆಂಡು. ಅಳತೆಯೂ ಸರಿಯಾಗಿದೆ, ತೂಗಿ ನೋಡಿದ್ದೀನಿ. ಮುಂದಿನ ಅರ್ಧ, ಹಿಂದಿನ ಅರ್ಧ, ಎರಡೂ ಒಂದೇ ತೂಕ."

"ತೂಗಿದ್ರಾ?"

"ತಕ್ಕಡಿ ಇದೆಯಲ್ಲ."

ಸಾಹೇಬರು ಹೊರಗೆ ಬಂದರು. ತಲೆಗೂದಲಿಗೆ ದಾರದ ಮೇಣ ಅಂಟಿತ್ತು. ಆದರೂ ಸೋಲು ಒಪ್ಪುವ ಮುಖವಲ್ಲ. "ಸರಿ, ಮಗುಚಿದ್ರೆ ಒಳಗಿರೋರಿಗೆ ಎಡಬಲ ಅದಲುಬದಲು ಆಗುತ್ತೆ, ಒಪ್ಪಿದೆ. ಆದರೆ ಹೊರಗೆ ನಿಂತು ನೋಡೋರಿಗೆ ಮಚ್ಚೆ ಬಲಕ್ಕೇ ಕಾಣುತ್ತಲ್ಲ? ಅವರಿಗೇನು ತೊಂದರೆ?"

"ಹೊರಗೆ ಅಂದ್ರೆ ಎಲ್ಲಿ?" ಎಂದಳು. "ಎಲ್ಲ ದಿಕ್ಕಿಂದಲೂ ಬರೋ ಬೆಳಕು ಅಂದ್ರಿ. ಅದರ ಹೊರಗೆ ಯಾರು ಎಲ್ಲಿ ನಿಂತು ನೋಡ್ತಾರೆ? ಆ ಜಾಗ ತೋರಿಸಿ. ಈಗಲೇ ಮಗುಚಿ ಕೊಡ್ತೀನಿ."

ಸಾಹೇಬರು ಚೆಂಡಿನ ಸುತ್ತ ಕಣ್ಣಾಡಿಸಿದರು. ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಹೀಗೇ ತಗೊಂಡು ಹೋಗ್ತೀನಿ. ದೀಪ ಹೊರಗೆ ಸುತ್ತಲೂ ಹಾಕ್ತೀವಿ. ಒಳಗೆ ಒಂದು ಮಣೆ ಇಡ್ತೀವಿ" ಎಂದರು. ದಬ್ಬಣ ಬಾಯಿಯನ್ನು ಮೇಲಿನಿಂದ ಅರ್ಧದವರೆಗೆ ಹೊಲಿದು, ಉಳಿದರ್ಧದ ಅಂಚು ಮಡಿಸಿ ಕೊಟ್ಟಳು. ಅದೇ ಬಾಗಿಲು.

ಇಷ್ಟಕ್ಕೆ ಮುಗಿಯಬಹುದಿತ್ತು. ಮರುದಿನ ಸಂಜೆ ಮೇಸ್ತ್ರಿ ನಮ್ಮ ಮಣೆಗಳ ಹತ್ತಿರ ಬಂದು ಕುಕ್ಕುರುಗಾಲಿನಲ್ಲಿ ಕೂತರು. ಪಾಪ, ಅವರಿಗೂ ಮೇಲೆ ಕಾರ್ಖಾನೆಯ ಮಾಲೀಕರಿದ್ದಾರೆ. ಮಗುಚದೆ, ಬಾಯಿ ಮುಚ್ಚದೆ ಒಂದು ಚೆಂಡು ಬಾಗಿಲು ದಾಟಿದ್ದು ಆ ಮಾಲೀಕರಿಗೆ ಗೊತ್ತಾಗಿತ್ತು.

"ಅಕ್ಕ, ಒಂದೇ ಮಾತು. ಭವನದವರೇ ಹೀಗೆ ಹೊಲಿಯಿರಿ ಅಂದ್ರು, ಅದಕ್ಕೇ ಹೊಲಿದೆ ಅಂತ ಮಾಲೀಕರ ಮುಂದೆ ಹೇಳಿಬಿಡಿ. ಸಾಹೇಬ್ರೂ ಹೂಂ ಅಂತಾರೆ. ಮೂರನೇದು ಅಂತ ಲೆಕ್ಕಕ್ಕೇ ಬರಲ್ಲ. ಬೇಕಾದ್ರೆ ಮೊಳೆ ಮೇಲಿರೋ ಎರಡನ್ನೂ ಇಳಿಸ್ತೀನಿ."

"ಅವರು ಹೇಳಲಿಲ್ಲವಲ್ಲ."

"ಹೇಳಿದ್ರು ಅಂದ್ರೆ ಏನಾಗುತ್ತೆ?"

"ನಾನು ನ್ಯಾಯವಾಗಿ ಹೊಲಿದದ್ದನ್ನ ಯಾರೋ ಹೊಲಿಸಿದ್ದು ಅಂತ ಆಗುತ್ತೆ. ಮಾಡದ ತಪ್ಪನ್ನ ಮಾಡಿದೆ ಅನ್ನಲಿಲ್ಲ ಅಂತ ನನ್ನ ಸಂಸಾರ ಹೋಯ್ತಪ್ಪ. ಮಾಡಿದ ಕೆಲಸಾನ ಮಾಡಿಲ್ಲ ಅಂತ ಈಗ ಹೇಳಿದ್ರೆ ಆ ಸಂಸಾರ ಸುಮ್ಮನೆ ದಂಡಕ್ಕೆ ಹೋದ ಹಾಗಾಗುತ್ತೆ."

"ಹಾಗಾದ್ರೆ ಮೂರನೇದು ಅಂತಾನೇ ಆಗುತ್ತೆ ಅಕ್ಕ."

"ಆಗಲಿ. ನೇತುಹಾಕು."

ಮೇಸ್ತ್ರಿ ಎದ್ದು ಹೋದರು. ಏನನ್ನು ನೇತುಹಾಕುವುದು ಎಂದು ಅವರಿಗೂ ತಿಳಿಯದು.

ಮನೆಗೆ ಬಂದ ಮೇಲೆ ಅವಳು ಊಟದ ಚೀಲದಿಂದ ಆ ಕತ್ತರಿಸಿದ ಹಾಳೆಯನ್ನು ತೆಗೆದಳು, ತೂಗಿದ್ದು. ವೃತ್ತದ ಎರಡು ಪಕ್ಕಕ್ಕೆ ಎರಡು ಕುಡುಗೋಲನ್ನು ಮತ್ತೆ ಕೂಡಿಸಿ ಹೊಲಿದಳು. ಬಣ್ಣದ ಮುಖವನ್ನು ಒಳಗಿಟ್ಟು, ಎಡ ತುದಿಯನ್ನೂ ಬಲ ತುದಿಯನ್ನೂ ಬಗ್ಗಿಸಿ ತಂದು ಅಂಚಿಗೆ ಅಂಚು ಸೇರಿಸಿದಳು. ಅಂಗೈಯಗಲದ, ಉಬ್ಬಿಕೊಂಡ ಒಂದು ಸಂಚಿಯಂತಾಯಿತು. ಹೊರಗೆ ಬರೀ ಬಿಳಿ ಕಾಗದ, ದಾರದ ಗಂಟು. ಬಾಯಿಯನ್ನು ಅರ್ಧ ಬಿಟ್ಟಳು. ಬೆರಳಿನಲ್ಲಿ ಸರಿಸಿ ನೋಡಿದರೆ ಒಳಗೆ ಕೆಂಪು, ನೀಲಿ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆವು. ಅವಳು ಮಣೆಯ ಮೇಲೆ ಹತ್ತಿ, ಜೋಲು ಬಿದ್ದ ಎರಡು ಚೆಂಡಿನ ಪಕ್ಕಕ್ಕೆ ಅದನ್ನೂ ಸಿಕ್ಕಿಸಿದಳು. ಇಳಿದು, ಮಣೆಯನ್ನು ಸೆರಗಿನಿಂದ ಒರೆಸಿ, ಇಕ್ಕಳವನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ಕೂತಳು.

ಮೇಸ್ತ್ರಿ ಬಂದರು. ಸಾಲಿನ ಆ ತುದಿಯಿಂದ ಈ ತುದಿಗೆ ತುಂಡುಗಳನ್ನು ಹಂಚುತ್ತಾ ಬಂದು ನಮ್ಮ ಮುಂದೆ ನಿಂತರು. ಮೊಳೆ ನೋಡಿದರು.

"ಮೂರನೇದು ನಾನೇ ಹಾಕಿದ್ದೀನಿ" ಎಂದಳು ದಬ್ಬಣ. "ಸರಿಯಾದ ಹೊಲಿಗೆ ಅದು, ಒಳಗೆ ನೋಡು. ಅದನ್ನ ಇಳಿಸಿದ್ರೆ ಮೂರಾಗಲಿಲ್ಲ. ಇಳಿಸದಿದ್ರೆ ನನ್ನನ್ನ ಎಬ್ಬಿಸು. ನಾನಾಗಿ ಎದ್ದು ಹೋಗಲ್ಲ."

ಅವರು ಕೈ ಎತ್ತಿ ಕಾಗದದ ಸಂಚಿಯನ್ನು ಮುಟ್ಟಿದರು. ಬಾಯಿ ಸರಿಸಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ಸುಮಾರು ಹೊತ್ತು ನೋಡಿದರು. ಇಳಿಸಲಿಲ್ಲ. ಬಗ್ಗಿ, ಮೂವತ್ತೆರಡು ತುಂಡು ಎಣಿಸಿ ಅವಳ ಮುಂದೆ ಇಟ್ಟರು. ಒಂದು ಉಂಡೆ ದಾರ ಇಟ್ಟರು. ಮುಂದಿನ ಮಣೆಗೆ ಹೋದರು.

ಅವಳು ದಾರವನ್ನು ಉಗುರಿನಿಂದ ಕೆರೆದು ನೋಡಿ, "ಮೇಣ ಸಾಲದು" ಎಂದಳು.

ಇದೆಲ್ಲ ಆಗಿ ಒಂದು ವರ್ಷವಾಗುತ್ತಾ ಬಂತು. ಜೋಲು ಬಿದ್ದ ಎರಡು ಚೆಂಡನ್ನು ಆರು ತಿಂಗಳಾದ ಮೇಲೆ ತೆಗೆದರು. ಮೂರನೆಯದು ಅಲ್ಲೇ ಇದೆ. ಅವಳು ಊಟದ ಚೀಲವನ್ನು ಮತ್ತೆ ಆ ಮೊಳೆಗೇ ಸಿಕ್ಕಿಸುತ್ತಾಳೆ, ಕಾಗದ ನಲುಗದ ಹಾಗೆ ಸ್ವಲ್ಪ ಓರೆಗೆ.